ಖೋಲಿಯ ಸಾಮಾನಿಗೂ ಒಂದು ಪಟ್ಟಿ ಇರಲಿ

ಲಾಡ್ಜಿನಲ್ಲಿ ದುಡಿಯುವ ನಮ್ಮ ಹುಡುಗರನ್ನು ಕೇಳಿ ನೋಡಿ. ಗಿರಾಕಿ ಬರುವ ಮೊದಲು ರೂಮಿನಲ್ಲಿ ಏನೇನು ಇರಬೇಕೆಂಬುದನ್ನು ಬಾಯಿಪಾಠ ಒಪ್ಪಿಸುವರು: ಎರಡು ಟವೆಲು, ಒಂದು ಸಾಬೂನು, ನೀರಿನ ಜಗ್ಗು, ಎರಡು ಗ್ಲಾಸು, ಹಾಸಿಗೆಯ ಮೇಲೆ ಒಗೆದ ಚಾದರ. ಇವುಗಳಲ್ಲಿ ಒಂದು ಕಡಿಮೆಯಾದರೂ ಮ್ಯಾನೇಜರರಿಂದ ಮಾತು ಕೇಳಬೇಕು. ಅದೇ ಹುಡುಗ ಪಾಳಿ ಮುಗಿಸಿ, ಕೊನೆಯ ಲೋಕಲು ಹಿಡಿದು, ಡೊಂಬಿವಲಿಯ ಬಾಡಿಗೆ ಖೋಲಿಗೆ ಬಂದರೆ ಅಲ್ಲಿ ಬಕೆಟು ಯಾರದು, ಸ್ಟವ್ ಯಾರದು, ಫ್ಯಾನು ಯಾರದು ಎಂಬುದಕ್ಕೇ ಇತ್ಯರ್ಥವಿಲ್ಲ. ಒಂದು ರಾತ್ರಿಯ ಗಿರಾಕಿಗೆ ಪಟ್ಟಿಯುಂಟು. ಹನ್ನೊಂದು ತಿಂಗಳು ಬಾಡಿಗೆ ತೆರುವವನಿಗೆ ಇಲ್ಲ. ಇದು ಯಾವ ನ್ಯಾಯ?

ಈ ತೊಂದರೆ ಎಲ್ಲಿಂದ ಬಂದಿತೆಂಬುದನ್ನು ಮೊದಲು ನೋಡೋಣ. ಹಿಂದೆ ಗಿರಣಿಗಾಂವಿನಲ್ಲಿ ಒಂದೇ ಊರಿನ ಗಂಡಸರು ಕೂಡಿ ಒಂದು ಖೋಲಿ ಹಿಡಿಯುತ್ತಿದ್ದರು. ಗೋವೆಯವರು ಧೋಬಿ ತಲಾವಿನ ಸುತ್ತಮುತ್ತ ಊರೂರಿನ 'ಕೂಡ್'ಗಳನ್ನು ಕಟ್ಟಿಕೊಂಡಿದ್ದರು. ಅಲ್ಲಿ ಪ್ರತಿಯೊಬ್ಬನ ಪೆಟ್ಟಿಗೆ ಬೇರೆ, ಅಡುಗೆಯ ಸಾಮಾನು ಎಲ್ಲರಿಗೂ ಸೇರಿದ್ದು. ಊರವರೇ ಇರುತ್ತಿದ್ದುದರಿಂದ ಬಾಯಿಮಾತು ಸಾಕಾಗಿತ್ತು. 1982ರ ಜನವರಿ 18ರಂದು ಆರಂಭವಾದ ಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದುವು. ದುಡಿಯುವವರ ಬಿಡಾರಗಳು ಠಾಣೆ, ಡೊಂಬಿವಲಿ, ಕಲ್ಯಾಣಗಳತ್ತ ಸರಿದುವು. 1970ರಲ್ಲಿ ಸಿಡ್ಕೊ ಸ್ಥಾಪನೆಯಾದ ಮೇಲೆ ಬೆಳೆದ ವಾಶಿ, ನೆರೂಳ್, ಬೇಲಾಪುರಗಳಲ್ಲಿ ಹೋಟೆಲುಗಳು ಹೆಚ್ಚಿದಂತೆ ಹೋಟೆಲು ಹುಡುಗರೂ ಹೆಚ್ಚಿದರು. ಈಗ ಖೋಲಿಯ ಮಾಲಿಕ ಒಂದು ಕಡೆ, ದಲ್ಲಾಳಿ ನಡುವೆ, ಒಂದೇ ಖೋಲಿಯಲ್ಲಿ ಬೇರೆ ಬೇರೆ ಊರಿನ ಐದಾರು ಜನ. ಎರಡು ತಿಂಗಳಿಗೊಬ್ಬ ಬರುತ್ತಾನೆ, ಒಬ್ಬ ಹೋಗುತ್ತಾನೆ. ಇಲ್ಲಿ ಬಾಯಿಮಾತು ನಡೆಯಲಾರದು, ಕಾಗದವೇ ಬೇಕು.

ಕಾಗದವಿಲ್ಲದೆ ಆಗುವ ನಷ್ಟ ಎರಡು ವಿಧ. ಖೋಲಿಗೆ ಬಂದ ದಿನವೇ ಬಕೆಟು, ನೀರಿನ ಡ್ರಮ್ಮು, ಸ್ಟವ್, ಗಾದಿ, ಬಲ್ಬು ಎಲ್ಲವನ್ನೂ ಕೊಳ್ಳಬೇಕು. ಬಿಡುವ ದಿನ ಅವನ್ನು ಹೊತ್ತುಕೊಂಡು ಲೋಕಲು ಹತ್ತುವಂತಿಲ್ಲ. ಅಲ್ಲೇ ಬಿಟ್ಟು ಮುಂದಿನ ಖೋಲಿಯಲ್ಲಿ ಮತ್ತೆ ಕೊಳ್ಳಬೇಕು. ಇದು ಮೊದಲನೆಯದು. ಮಾಲಿಕ ಬಂದು ಸುತ್ತ ನೋಡಿ, 'ಫ್ಯಾನಿನ ರೆಗ್ಯುಲೇಟರು ಹಾಳಾಗಿದೆ, ನಲ್ಲಿ ಸೋರುತ್ತಿದೆ, ಮಂಚದ ಕಾಲು ಮುರಿದಿದೆ' ಎಂದು ಡಿಪಾಜಿಟ್ಟಿನಲ್ಲಿ ಮುರಿದುಕೊಳ್ಳುವುದು ಎರಡನೆಯದು. ಅವು ಬರುವಾಗಲೇ ಹಾಳಾಗಿದ್ದುವೆಂದು ಹುಡುಗ ಹೇಳಿದರೆ ಸಾಕ್ಷಿ ಎಲ್ಲಿದೆ? ಮಾಲಿಕನ ಮಾತೂ ಬರಿಯ ಮಾತೇ. ಆದರೆ ದುಡ್ಡು ಅವನ ಕೈಯಲ್ಲಿದೆ.

ಕೆಲಸದ ಜಾಗದಲ್ಲಿ ನಾವು ಹೀಗೆ ಮಾಡುವುದುಂಟೆ? ಹೊಸ ಭಟ್ಟರು ಅಡುಗೆಮನೆಗೆ ಬಂದರೆ ಹಂಡೆ, ಕಡಾಯಿ, ಸೌಟುಗಳನ್ನು ಎಣಿಸಿಯೇ ಒಪ್ಪಿಕೊಳ್ಳುತ್ತಾರೆ. ಗಿರಣಿಯಲ್ಲಿ ಪಾಳಿ ಬದಲಾಗುವಾಗ ಮಗ್ಗದ ಸ್ಥಿತಿಯನ್ನು ನೋಡಿಯೇ ನಿಂತವರು ನಾವು. ಎಣಿಸಿ ಕೊಟ್ಟು ಎಣಿಸಿ ಪಡೆಯುವ ವಿದ್ಯೆ ನಮಗೆ ಹೊಸದಲ್ಲ. ಖೋಲಿಯ ಬಾಗಿಲಲ್ಲಿ ಅದನ್ನು ಮರೆಯುತ್ತೇವೆ, ಅಷ್ಟೆ.

ಕಾನೂನು ಏನೆನ್ನುತ್ತದೆ? ಹನ್ನೊಂದು ತಿಂಗಳ ಕರಾರಿಗೆ ನೋಂದಣಿ ಬೇಡವೆಂಬ ಮಾತು ಇಂದಿಗೂ ಓಡಾಡುತ್ತಿದೆ. 1908ರ ನೋಂದಣಿ ಕಾನೂನಿನಲ್ಲಿ ಒಂದು ವರ್ಷ ಮೀರಿದ ಗೇಣಿಗೆ ಮಾತ್ರ ಕಡ್ಡಾಯವಿದ್ದುದರಿಂದ ಈ ರೂಢಿ ಬಂದಿತು. ಆದರೆ 2000ದ ಮಾರ್ಚ್ 31ರಿಂದ ಜಾರಿಯಲ್ಲಿರುವ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾನೂನು, 1999, ಇದರ 55ನೆಯ ಕಲಮಿನಂತೆ ಲೀವ್ ಅಂಡ್ ಲೈಸೆನ್ಸ್ ಕರಾರು ಎಷ್ಟೇ ತಿಂಗಳದ್ದಾಗಲಿ ಲಿಖಿತವಾಗಿರಬೇಕು, ನೋಂದಣಿಯಾಗಬೇಕು. ನೋಂದಾಯಿಸುವ ಹೊಣೆ ಮಾಲಿಕನದು. ತಪ್ಪಿದರೆ ಅವನಿಗೆ 3 ತಿಂಗಳವರೆಗೆ ಸಜೆ, ಇಲ್ಲವೆ 5,000 ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ಅದಕ್ಕಿಂತ ಮುಖ್ಯವಾದ ಮಾತೊಂದಿದೆ: ಅಂಥ ಕರಾರು ಇಲ್ಲದಿದ್ದಲ್ಲಿ, ಷರತ್ತುಗಳೇನಿದ್ದುವೆಂಬ ಬಗ್ಗೆ ಬಾಡಿಗೆದಾರ ಹೇಳಿದ್ದೇ ನಡೆಯುತ್ತದೆ, ಅದು ಸುಳ್ಳೆಂದು ತೋರಿಸುವ ಭಾರ ಎದುರಿನವನ ಮೇಲೆ. ಹೀಗಿರುವಾಗ ಕರಾರಿನ ಜೊತೆಗೆ ಸಾಮಾನಿನ ಪಟ್ಟಿಯನ್ನೂ ಸೇರಿಸುವುದು ಮಾಲಿಕನಿಗೂ ಕ್ಷೇಮವೇ.

ಪಟ್ಟಿಯಲ್ಲಿ ಏನಿರಬೇಕು? ನಾವು ಅರಮನೆ ಕೇಳುವುದಿಲ್ಲ. ತಲೆಗೊಂದರಂತೆ ಮಂಚ ಅಥವಾ ಗಾದಿ, ಬೀಗ ಹಾಕಲು ಬರುವ ಒಂದು ಕಪಾಟಿನ ಖಾನೆ. ಖೋಲಿಗೆ ಫ್ಯಾನು, ದೀಪ, ಸೊಳ್ಳೆ ಬಾರದಂತೆ ಕಿಟಕಿಗೆ ಜಾಳಿಗೆ. ನೀರು ಹೊತ್ತು ನೋಡಿ ಬರುವ ಕಡೆ ಮುಚ್ಚಳವಿರುವ ಎರಡು ಡ್ರಮ್ಮು, ಎರಡು ಬಕೆಟು, ಎರಡು ಮಗ್ಗು. ಹಸಿ ಕಸಕ್ಕೊಂದು, ಒಣ ಕಸಕ್ಕೊಂದು ಡಬ್ಬಿ. ಐ.ಎಸ್.ಐ. ಗುರುತಿನ ಗ್ಯಾಸ್ ಒಲೆ, ರೆಗ್ಯುಲೇಟರು, ಮತ್ತು ರಬ್ಬರ್ ನಳಿಗೆ. ನಳಿಗೆಯ ತಾರೀಖನ್ನು ಪಟ್ಟಿಯಲ್ಲೇ ಬರೆಯಬೇಕು. ಐದು ವರ್ಷಕ್ಕೆ ಅದನ್ನು ಬದಲಿಸತಕ್ಕದ್ದು. ಸಿಲಿಂಡರಿನ ಮಾತು ಬಂದರೆ, ವಿಳಾಸದ ಪುರಾವೆಯಿಲ್ಲದವರೂ ಗುರುತಿನ ಚೀಟಿ ತೋರಿಸಿ 5 ಕಿಲೋದ ಸಿಲಿಂಡರು ಕೊಳ್ಳಬಹುದೆಂಬುದು ನೆನಪಿರಲಿ. ಪ್ರತಿಯೊಂದು ಸಾಮಾನಿನ ಮುಂದೆ ಮೂರು ಮಾತು ಬರೆದರೆ ಸಾಕು: ಎಷ್ಟು, ಯಾವ ಸ್ಥಿತಿಯಲ್ಲಿದೆ, ಕೆಟ್ಟರೆ ರಿಪೇರಿ ಯಾರದು. ಕೆಳಗೆ ಇಬ್ಬರ ಸಹಿ. ಕಿಸೆಯಲ್ಲಿರುವ ಮೊಬೈಲಿನಲ್ಲಿ ಅಂದೇ ನಾಲ್ಕು ಫೋಟೋ.

ಹೋಟೆಲು ಧಣಿಗಳೇ ಫ್ಲ್ಯಾಟು ಹಿಡಿದು ಹುಡುಗರನ್ನು ಇರಿಸುವ ಕಡೆ ಕರಾರು ಧಣಿಯ ಹೆಸರಿನಲ್ಲಿರುತ್ತದೆ. ಅಲ್ಲಿ ಇದೇ ಪಟ್ಟಿಯನ್ನು ಧಣಿಯ ಸಹಿಯೊಡನೆ ಗೋಡೆಗೆ ಅಂಟಿಸಬೇಕು. ಇಲ್ಲವಾದರೆ ಒಡೆದ ಬಕೆಟಿನ ಲೆಕ್ಕ ಯಾರದೋ ಸಂಬಳದಲ್ಲಿ ಕಡಿತವಾಗುತ್ತದೆ.

'ಇಷ್ಟೆಲ್ಲ ಕೇಳಿದರೆ ಬಾಡಿಗೆ ಏರೀತು' ಎಂಬ ಆಕ್ಷೇಪ ಬರುವುದು ಸಹಜ. ಸ್ವಲ್ಪ ಏರಬಹುದು. ಆದರೆ ಪ್ರತಿ ಹನ್ನೊಂದು ತಿಂಗಳಿಗೆ ಹೊಸದಾಗಿ ಕೊಂಡು ಬಿಟ್ಟು ಬರುವ ಸಾಮಾನಿನ ಬೆಲೆಯನ್ನೂ ಮುರಿದುಕೊಂಡ ಡಿಪಾಜಿಟ್ಟನ್ನೂ ಕೂಡಿಸಿ ನೋಡಿ. ಆ ದುಡ್ಡು ಈಗಲೂ ನಮ್ಮ ಕಿಸೆಯಿಂದಲೇ ಹೋಗುತ್ತಿದೆ. ಲೆಕ್ಕಕ್ಕೆ ಬರುವುದಿಲ್ಲ, ಅಷ್ಟೆ. ಸಾಮಾನು ಕೊಡಲಾಗದ ಮಾಲಿಕ 'ಇಲ್ಲ' ಎಂದೇ ಬರೆಯಲಿ. ಬರಿಯ ಖೋಲಿಗೆ ಬರಿಯ ಖೋಲಿಯ ಬಾಡಿಗೆ ಎಂದು ಆಗ ಚೌಕಾಶಿ ಮಾಡಬಹುದು.

ಇಂಗ್ಲೆಂಡಿನಲ್ಲಿ 2007ರ ಏಪ್ರಿಲ್ 6ರಿಂದ ಬಾಡಿಗೆಯ ಡಿಪಾಜಿಟ್ಟನ್ನು ಸರ್ಕಾರ ಒಪ್ಪಿದ ಯೋಜನೆಯೊಂದರ ರಕ್ಷಣೆಯಲ್ಲಿ ಇಡಬೇಕೆಂದು ವಿಧಿಸಿದ್ದಾರೆ. ತಕರಾರು ಬಂದಾಗ ಅಲ್ಲಿ ಮೊದಲು ಕೇಳುವ ಕಾಗದಗಳಲ್ಲಿ ಬಂದ ದಿನದ ಸಾಮಾನು ಪಟ್ಟಿಯೂ ಒಂದು. ಅಂಥ ಯೋಜನೆ ನಮ್ಮಲ್ಲಿ ಬರುವವರೆಗೆ ಕಾಯಬೇಕಿಲ್ಲ. ಪಟ್ಟಿ ಬರೆಯಲು ಸರ್ಕಾರದ ಅಪ್ಪಣೆ ಬೇಡ.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕು. ಮಾಲಿಕರೆಲ್ಲ ಹೊರಗಿನವರಲ್ಲ. ನಿವೃತ್ತರಾದ ನಮ್ಮ ಹಿರಿಯರಲ್ಲೂ ಒಂದೆರಡು ಖೋಲಿಗಳನ್ನು ಬಾಡಿಗೆಗೆ ಕೊಟ್ಟವರಿದ್ದಾರೆ. 'ನಮ್ಮ ಊರಿನ ಹುಡುಗ, ಇವನಿಗೇಕೆ ಕಾಗದ' ಎಂದು ಅವರು ಪ್ರೀತಿಯಿಂದಲೇ ಹೇಳಬಹುದು. ಊರಿನ ಹುಡುಗನೆಂದೇ ಕಾಗದ ಬೇಕು. ಒಂದು ಫ್ಯಾನಿನ ಸಲುವಾಗಿ ಊರಿನ ನಂಟು ಕೆಡಬಾರದು.

ಆದುದರಿಂದ ನಮ್ಮ ಸಂಘವು ಕನ್ನಡದಲ್ಲೂ ಮರಾಠಿಯಲ್ಲೂ ಒಂದೇ ಹಾಳೆಯ ಮಾದರಿ ಪಟ್ಟಿಯನ್ನು ಅಚ್ಚು ಹಾಕಿಸಿ ಸದಸ್ಯರಿಗೆ ಹಂಚಬೇಕೆಂದು ನಮ್ಮ ಸೂಚನೆ. ಖೋಲಿ ಇರುವ ಹಿರಿಯರು ಮೊದಲು ಸಹಿ ಹಾಕಿ ದಾರಿ ತೋರಿಸಲಿ. ಹೊಸದಾಗಿ ಖೋಲಿ ಹಿಡಿಯುವ ತರುಣರು ಬೀಗದ ಕೈ ಪಡೆಯುವ ಮುನ್ನ ಪಟ್ಟಿಯನ್ನು ಕೇಳಲಿ.