ದೀಪ ಉರಿಯುತ್ತದೆ, ಓವನ್ ಕಾಯುವುದಿಲ್ಲ

ರಿಪೇರಿಗೆ ಕೊಟ್ಟಿದ್ದ ಎಲೆಕ್ಟ್ರಿಕ್ ಓವನ್ ಮನೆಗೆ ಬಂದಿದೆ. ಸ್ವಿಚ್ ಹಾಕಿದರೆ ಕೆಂಪು ದೀಪ ಉರಿಯುತ್ತದೆ, ಟೈಮರ್ ಟಿಕ್ ಟಿಕ್ ಎನ್ನುತ್ತದೆ. ಅರ್ಧ ಗಂಟೆಯ ನಂತರ ಬಾಗಿಲು ತೆರೆದರೆ ಕೇಕಿನ ಹಿಟ್ಟು ಇಟ್ಟ ಹಾಗೆಯೇ ಇದೆ! 'ಎಲಿಮೆಂಟ್ ಹೋಗಿದೆ' ಎಂದು ಅಂಗಡಿಯವರು ಮತ್ತೊಂದು ಬಿಲ್ ಬರೆಯುವ ಮೊದಲು ಕೆಲವು ಸಂಗತಿ ತಿಳಿದಿರುವುದು ಒಳ್ಳೆಯದು.

ದೀಪ ಉರಿದ ಮಾತ್ರಕ್ಕೆ ಎಲಿಮೆಂಟಿಗೆ ಕರೆಂಟ್ ಹೋಗುತ್ತಿದೆ ಎಂದಲ್ಲ. ಎಲಿಮೆಂಟಿಗೆ ಹೋಗುವ ಕರೆಂಟ್ ಸಾಮಾನ್ಯವಾಗಿ ಟೈಮರ್, ಥರ್ಮೋಸ್ಟಾಟ್, ಮೇಲಿನ ಅಥವಾ ಕೆಳಗಿನ ಕಾವನ್ನು ಆರಿಸುವ ಗುಂಡಿ, ಇವನ್ನೆಲ್ಲ ದಾಟಬೇಕು. ಹಲವು ಓವನ್‌ಗಳಲ್ಲಿ ದೀಪಕ್ಕೆ ಇಷ್ಟು ಸುತ್ತು ದಾರಿ ಇರುವುದಿಲ್ಲ. ಆದ್ದರಿಂದ ಮೊದಲು ಎಲ್ಲ ಗುಂಡಿಗಳನ್ನೂ ತಿರುಗಿಸಿ ನೋಡಬೇಕು. ಬಿಚ್ಚಿದ ಗುಂಡಿಯನ್ನು ತಪ್ಪಾಗಿ ಕೂಡಿಸಿದ್ದರೆ ಹೊರಗೆ 200 ಡಿಗ್ರಿ ತೋರಿಸಿದರೂ ಒಳಗೆ ಅದು ಆಫ್ ಆಗಿರಬಹುದು.

ಎಲಿಮೆಂಟ್ ನಿಜವಾಗಿ ಕೆಟ್ಟಿದೆಯೇ ಎಂಬುದನ್ನು ಮೆಕ್ಯಾನಿಕ್ ಮೀಟರಿನಲ್ಲಿ ಎರಡು ನಿಮಿಷದಲ್ಲಿ ತೋರಿಸಬಲ್ಲ. ಪ್ಲಗ್ ಕಿತ್ತು, ಎಲಿಮೆಂಟಿನ ಒಂದು ತಂತಿ ಬಿಡಿಸಿ ಅಳೆದರೆ, 230 ವೋಲ್ಟಿನ 750 ವ್ಯಾಟ್ ಎಲಿಮೆಂಟ್ ಸುಮಾರು 70 ಓಮ್ ತೋರಿಸಬೇಕು. 1500 ವ್ಯಾಟಿನದು ಸುಮಾರು 35. ಮುಳ್ಳು ಅಲುಗದಿದ್ದರೆ ಎಲಿಮೆಂಟ್ ಕಡಿದಿದೆ. ಅಳತೆ ಸರಿಯಿದ್ದರೆ ಹೊಸದಕ್ಕೆ ಹಣ ತೆರಬೇಕಾಗಿಲ್ಲ, ದೋಷ ಬೇರೆ ಕಡೆ ಇದೆ.

ಆ ದೋಷ ಹೆಚ್ಚಾಗಿ ರಿಪೇರಿಯಲ್ಲಿ ಕೈ ಆಡಿದ ಜಾಗದಲ್ಲೇ ಇರುತ್ತದೆ. ಎಲಿಮೆಂಟಿನ ತುದಿಗೆ ತಂತಿಯನ್ನು ಬೆಸುಗೆ ಹಾಕಿ ಅಂಟಿಸುವುದು ಒಂದು ತಪ್ಪು. ರೇಡಿಯೋ ರಿಪೇರಿಗೆ ಬಳಸುವ ತವರ-ಸೀಸದ ಬೆಸುಗೆ 183 ಡಿಗ್ರಿಗೇ ಕರಗತೊಡಗುತ್ತದೆ. ಮೊದಲ ದಿನ ಕೆಲಸ ಮಾಡಿದ ಓವನ್ ಮರುದಿನ ತಣ್ಣಗಾಗಲು ಇಷ್ಟು ಸಾಕು. ಅಲ್ಲಿ ತಂತಿಯನ್ನು ಸ್ಕ್ರೂನಿಂದ ಬಿಗಿಯಬೇಕು ಅಥವಾ ಲಗ್ ಹಾಕಿ ಒತ್ತಿ ಕೂಡಿಸಬೇಕು. ಮನೆಯ ವೈರಿಂಗಿಗೆ ಬಳಸುವ ಸಾದಾ ಪಿವಿಸಿ ತಂತಿಯೂ ಸಲ್ಲದು. ಕಾವು ತಡೆಯುವ ಗಾಜಿನ ನಾರಿನ ಅಥವಾ ಸಿಲಿಕೋನ್ ಹೊದಿಕೆಯ ತಂತಿಯೇ ಆಗಬೇಕು.

ಇನ್ನೊಂದು ಸಣ್ಣ ಭಾಗ ಥರ್ಮಲ್ ಫ್ಯೂಸ್. ಥರ್ಮೋಸ್ಟಾಟ್ ಕೆಟ್ಟು ಓವನ್ ಮಿತಿ ಮೀರಿ ಕಾದರೆ ಇದು ತಾನು ಸತ್ತು ಮನೆಯನ್ನು ಉಳಿಸುತ್ತದೆ. ಒಮ್ಮೆ ಹೋದರೆ ಮತ್ತೆ ಕೂಡಿಕೊಳ್ಳದು. ಬೆಸುಗೆಯ ಕಾವಿಗೆ ಹೊಸ ಫ್ಯೂಸೂ ಹೋಗುವುದುಂಟು. ಆಗ ಕೆಲವರು ಅದನ್ನು ತೆಗೆದು 'ಡೈರೆಕ್ಟ್' ಮಾಡಿಕೊಡುತ್ತಾರೆ. ಓವನ್ ಕಾಯುತ್ತದೆ, ಮನೆಯವರಿಗೂ ಸಂತೋಷ. ಆದರೆ ಮುಂದೆ ಥರ್ಮೋಸ್ಟಾಟ್ ಅಂಟಿಕೊಂಡರೆ ಬೆಂಕಿಯನ್ನು ತಡೆಯಲು ಒಳಗೆ ಏನೂ ಉಳಿದಿರುವುದಿಲ್ಲ. ಅದೇ ಡಿಗ್ರಿ, ಅದೇ ಆಂಪಿಯರ್ ಇರುವ ಫ್ಯೂಸನ್ನೇ ಹಾಕಿಸಬೇಕು.

ಓವನ್ ಮಂದವಾಗಿ ಕಾಯುತ್ತಿದ್ದರೆ ಮನೆಯ ವೋಲ್ಟೇಜನ್ನೂ ನೋಡಬೇಕು. ಅದು 180ಕ್ಕೆ ಇಳಿದರೆ ಕಾವು ಶೇಕಡ 60ರ ಆಸುಪಾಸಿಗೆ ಇಳಿಯುತ್ತದೆ. 1500 ವ್ಯಾಟ್ ಓವನ್ ಆರೂವರೆ ಆಂಪಿಯರ್ ಎಳೆಯುವುದರಿಂದ ಅದಕ್ಕೆ ಅರ್ತ್ ಇರುವ ಪವರ್ ಪಾಯಿಂಟೇ ಬೇಕು, 5 ಆಂಪಿಯರಿನದು ಸಾಲದು.

ಮನೆಯಲ್ಲಿ ಮುಚ್ಚಳ ಬಿಚ್ಚುವ ಸಾಹಸ ಬೇಡ. ಅಂಗಡಿಯಲ್ಲೇ ಹದಿನೈದು ನಿಮಿಷ ಓವನ್ ಕಾಯಿಸಿ ನೋಡಿ, ಬದಲಾಯಿಸಿದ ಹಳೆಯ ಭಾಗಗಳನ್ನು ಕೇಳಿ ಪಡೆದು, ಫ್ಯೂಸ್ ಡೈರೆಕ್ಟ್ ಮಾಡಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಹಣ ಕೊಟ್ಟರಾಯಿತು.