ಅಗ್ಗಕ್ಕೆ ಸಿಕ್ಕ ಹಾರ್ಡ್ ಡಿಸ್ಕ್

ಉಮರ್ಗಾ, ನಿಲಂಗಾ, ಉದಗೀರ್ ಕಡೆ ಹೋದಾಗಲೆಲ್ಲ ಮನೆಮಾತು ಕನ್ನಡ, ಶಾಲೆಯ ಪುಸ್ತಕ ಮರಾಠಿ ಎನ್ನುವ ಕುಟುಂಬಗಳು ನಮಗೆ ಸಿಗುತ್ತವೆ. ನಿಲಂಗಾ, ಉದಗೀರ್ 1956ರ ವರೆಗೆ ಬೀದರ್ ಜಿಲ್ಲೆಯಲ್ಲೇ ಇದ್ದವಲ್ಲ! ಉಮರ್ಗಾದ ಅಂಥ ಒಂದು ಮನೆಯಲ್ಲಿ, ಮದುವೆ ವಿಡಿಯೊ ತೆಗೆಯುವ ಯುವಕ ಚಹಾ ಬರುವ ಮೊದಲೇ ಎರಡು ಹಾರ್ಡ್ ಡಿಸ್ಕ್ ತಂದು ನಮ್ಮ ಮುಂದಿಟ್ಟ.

“ಅಗ್ಗಕ್ಕ ಸಿಕ್ಕಾವ್ರೀ ಫಾದರ್. ಆದ್ರ ಕಂಪ್ಯೂಟರಿನ್ಯಾಗ ಕಾಣಸವಲ್ವು.”

ಕಂಪನಿಗಳು ಸರ್ವರ್ ಬದಲಿಸಿದಾಗ ಹೊರಬೀಳುವ ಡಿಸ್ಕುಗಳು ಅವು. ಸ್ಯಾಸ್ ಜಾತಿಯವು, ಮನೆಯ ಕಂಪ್ಯೂಟರಿನದು ಸಾಟಾ. ಎರಡರ ಬಾಯಿಯೂ ಹೆಚ್ಚುಕಡಿಮೆ ಒಂದೇ. ಸಾಟಾದಲ್ಲಿ ಡೇಟಾ ಮತ್ತು ಕರೆಂಟಿನ ಪಿನ್ನುಗಳ ನಡುವೆ ಒಂದು ಸಂದು ಇರುತ್ತದೆ, ಸ್ಯಾಸ್‌ನಲ್ಲಿ ಅದು ಮುಚ್ಚಿರುತ್ತದೆ. ಹುಡುಗ ಸಣ್ಣ ಅಡಾಪ್ಟರ್ ತಂದು ಸಿಕ್ಕಿಸಿದ್ದ. ಅದು ತಂತಿ ಕೂಡಿಸುತ್ತದೆಯೇ ಹೊರತು ಮಾತನ್ನು ತಿರುಗಿಸುವುದಿಲ್ಲ. ಸ್ಯಾಸ್ ಡಿಸ್ಕ್ ಆಡುವುದು ಸ್ಕಸಿ ಮಾತು, ಮದರ್‌ಬೋರ್ಡಿಗೆ ಅದು ತಿಳಿಯದು. ಬೇಕಾದದ್ದು ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನಲ್ಲಿ ಕೂರುವ ಸ್ಯಾಸ್ ಕಾರ್ಡ್. ಆ ಕಾರ್ಡಿಗೆ ಸಾಟಾ ಡಿಸ್ಕನ್ನೂ ಜೋಡಿಸಬಹುದು. ಗಡಿಯ ಜನರ ಹಾಗೆ ಅದಕ್ಕೆ ಎರಡೂ ಮಾತು ಬರುತ್ತವೆ.

ಹಳೆಯ ಕಾರ್ಡ್ ತರಿಸಿದ. ಸರ್ವರಿನ ಜೋರು ಗಾಳಿಗೆಂದು ಮಾಡಿದ್ದು, ಕೈಯಿಡಲಾಗದಷ್ಟು ಕಾಯುತ್ತದೆ. ಪಕ್ಕದಲ್ಲಿ ಸಣ್ಣ ಫ್ಯಾನ್ ಕಟ್ಟಿದೆವು. ಒಂದು ಡಿಸ್ಕ್ ಎದ್ದಿತು. ಇನ್ನೊಂದು ಕಂಡರೂ ಬಳಕೆಗೆ ಬಾರದು: ಕೆಲವು ಸ್ಟೋರೇಜ್ ಯಂತ್ರಗಳ ಡಿಸ್ಕಿನಲ್ಲಿ ಸೆಕ್ಟರ್ 512 ಬೈಟ್ ಅಲ್ಲ, 520. ಲಿನಕ್ಸ್‌ನ ಎಸ್‌ಜಿ ಫಾರ್ಮ್ಯಾಟ್‌ನಿಂದ 512ಕ್ಕೆ ಇಳಿಸಬೇಕು. ಅದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ, ಇದ್ದದ್ದೆಲ್ಲ ಅಳಿಯುತ್ತದೆ, ನಡುವೆ ಕರೆಂಟು ಹೋದರೆ ಮೊದಲಿನಿಂದ ಶುರು. ನಮ್ಮ ಊರುಗಳಲ್ಲಿ ಯುಪಿಎಸ್ ಇಲ್ಲದೆ ಕೈಹಾಕಬೇಡಿ.

ಆಮೇಲೆ ಸವೆದ ಗಂಟೆ ನೋಡಿದೆವು. ಐವತ್ತು ಸಾವಿರ ದಾಟಿತ್ತು, ಅಂದರೆ ಐದೂವರೆ ವರ್ಷಕ್ಕೂ ಹೆಚ್ಚು ಕಾಲ ತಿರುಗಿದ ಡಿಸ್ಕ್. ಹುಡುಗ ಎಲ್ಲವನ್ನೂ ಇದಕ್ಕೇ ತುಂಬಿ ಹಳೆಯದನ್ನು ಮಾರುವವನಿದ್ದ.

“ನಮ್ಮವ್ವನ ಫೋಟೊ ಇದರಾಗ ಇಡಬ್ಯಾಡಪ್ಪ,” ಎಂದರು ಬಾಗಿಲಲ್ಲಿ ನಿಂತ ಅವನ ತಾಯಿ. 1993ರ ಸೆಪ್ಟೆಂಬರ್ 30ರ ಭೂಕಂಪದಲ್ಲಿ ತವರುಮನೆ ಬಿದ್ದಿತ್ತು. ಮಣ್ಣಿನಡಿ ಸಿಕ್ಕಿದ್ದು ಅದೊಂದೇ ಫೋಟೊ, ಅದೂ ಈಗ ಮಾಸಿಹೋಗಿದೆ. ಮಗ ಸ್ಕ್ಯಾನ್ ಮಾಡಿಟ್ಟ ಪ್ರತಿಯೇ ಉಳಿದಿರುವುದು.

“ಇಡು ತಮ್ಮಾ, ಆದರೆ ಇದೊಂದರಲ್ಲೇ ಬೇಡ,” ಎಂದೆವು. ಅವನು ಅಂದೇ ಇನ್ನೊಂದು ಪ್ರತಿ ಮಾಡಿ ಪೆನ್ ಡ್ರೈವಿನಲ್ಲಿ ಹಾಕಿದ. ಅದೀಗ ಉದಗೀರಿನ ಅಕ್ಕನ ಮನೆಯ ಕಪಾಟಿನಲ್ಲಿದೆ.