ಬೀದಿಗೆ ನಾಲ್ಕು ಡೆಂಟಲ್ ಕ್ಲಿನಿಕ್, ಆದರೂ ಬಿಲ್ ಇಳಿಯುತ್ತಿಲ್ಲ ಏಕೆ?

ಪುಣೆಯ ಕೋಥ್ರೂಡ್ ಇರಲಿ, ಮುಂಬೈ ಪಕ್ಕದ ಡೊಂಬಿವಲಿ ಇರಲಿ, ಹತ್ತು ನಿಮಿಷ ನಡೆದರೆ ಮೂರ್ನಾಲ್ಕು ಹಲ್ಲಿನ ಕ್ಲಿನಿಕ್‌ಗಳ ಬೋರ್ಡ್ ಕಾಣಿಸುತ್ತದೆ. ಅಂಗಡಿ ಹೆಚ್ಚಾದರೆ ದರ ಇಳಿಯಬೇಕು ಎಂಬುದು ಮಾರುಕಟ್ಟೆಯ ಲೆಕ್ಕ. ಹಲ್ಲಿನ ವಿಷಯದಲ್ಲಿ ಅದು ಅರ್ಧ ಮಾತ್ರ ನಿಜ.

ದೇಶದಲ್ಲಿ 300ಕ್ಕೂ ಹೆಚ್ಚು ದಂತ ವೈದ್ಯಕೀಯ ಕಾಲೇಜುಗಳಿವೆ. ಕರ್ನಾಟಕವಂತೂ ಇಂಥ ಕಾಲೇಜುಗಳು ಅತಿ ಹೆಚ್ಚಿರುವ ರಾಜ್ಯಗಳಲ್ಲೊಂದು. ಸರ್ಕಾರಿ ಹುದ್ದೆಗಳು ಕಡಿಮೆ ಇರುವುದರಿಂದ ಬಿಡಿಎಸ್ ಮುಗಿಸಿದ ಬಹುತೇಕರಿಗೆ ಉಳಿಯುವುದು ನಗರದಲ್ಲಿ ಸ್ವಂತ ಕ್ಲಿನಿಕ್, ಇಲ್ಲವೇ ಚೈನ್ ಕ್ಲಿನಿಕ್‌ನಲ್ಲಿ ಕೆಲಸ.

ಪೈಪೋಟಿಯ ಬಿಸಿ ತಟ್ಟುವುದು ತಪಾಸಣೆ, ಎಕ್ಸ್‌ರೇ, ಕ್ಲೀನಿಂಗ್ ದರಗಳಿಗೆ. ಫೋನಿನಲ್ಲೇ ವಿಚಾರಿಸಿ ಹೋಲಿಸಬಹುದಾದ ದರಗಳಿವು. ‘ಉಚಿತ ತಪಾಸಣೆ’ ಬೋರ್ಡ್ ಹುಟ್ಟಿದ್ದೂ ಇಲ್ಲಿಯೇ.

ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ ಮೇಲೆ ಲೆಕ್ಕವೇ ಬೇರೆ. ಹುಳುಕಿಗೆ ಫಿಲ್ಲಿಂಗ್ ಸಾಕೇ, ರೂಟ್ ಕೆನಾಲ್ ಬೇಕೇ ಎಂದು ಹೇಳುವವರೂ ವೈದ್ಯರೇ, ಅದಕ್ಕೆ ಹಣ ಪಡೆಯುವವರೂ ಅವರೇ. ನೋವಿನಲ್ಲಿರುವವರು ದವಡೆ ಹಿಡಿದುಕೊಂಡು ನಾಲ್ಕು ಕಡೆ ದರ ಕೇಳುತ್ತಾ ಅಲೆಯುವುದಿಲ್ಲ.

ವೈದ್ಯರ ಕಡೆಯ ಲೆಕ್ಕವನ್ನೂ ನೋಡಬೇಕು. ಬಾಡಿಗೆ, ಡೆಂಟಲ್ ಚೇರ್‌ನ ಸಾಲದ ಕಂತು, ಸಹಾಯಕರ ಸಂಬಳ ಸೇರಿ ತಿಂಗಳಿಗೆ ಒಂದೂವರೆ ಲಕ್ಷ ರೂಪಾಯಿ ಖರ್ಚು ಎಂದಿಟ್ಟುಕೊಳ್ಳಿ. 300 ರೋಗಿಗಳು ಬಂದರೆ ತಲಾ 500 ರೂಪಾಯಿ ಬೀಳುತ್ತದೆ. ಪಕ್ಕದಲ್ಲಿ ಇನ್ನೊಂದು ಕ್ಲಿನಿಕ್ ತೆರೆದು ರೋಗಿಗಳು 150ಕ್ಕೆ ಇಳಿದರೆ ತಲಾ 1,000 ರೂಪಾಯಿ. ಅಂದರೆ ಕ್ಲಿನಿಕ್ ಹೆಚ್ಚಾದಷ್ಟೂ ಒಬ್ಬೊಬ್ಬ ರೋಗಿಯ ಮೇಲಿನ ಹೊರೆ ಏರಬಹುದು. ಅದನ್ನು ತುಂಬಿಕೊಳ್ಳಲು ಅಗತ್ಯಕ್ಕಿಂತ ಹೆಚ್ಚು ಚಿಕಿತ್ಸೆ ಸೂಚಿಸುವ, ಇಲ್ಲವೇ ಅಗ್ಗದ ಸಾಮಗ್ರಿ ಬಳಸುವ ಆಮಿಷ ಹುಟ್ಟುತ್ತದೆ. ಎಲ್ಲರೂ ಅದಕ್ಕೆ ಬಲಿಯಾಗುವುದಿಲ್ಲ. ಒತ್ತಡ ಮಾತ್ರ ಎಲ್ಲರ ಮೇಲೂ ಇದೆ.

ರೋಗಿಯ ಪರ ಚೌಕಾಸಿ ಮಾಡುವವರೂ ಇಲ್ಲ. ಬಹುತೇಕ ಆರೋಗ್ಯ ವಿಮೆಗಳು ಅಪಘಾತದ ಗಾಯ ಬಿಟ್ಟರೆ ಹಲ್ಲಿನ ಖರ್ಚು ಕೊಡುವುದಿಲ್ಲ. 2017ರಲ್ಲಿ ಹೃದಯದ ಸ್ಟೆಂಟ್ ಹಾಗೂ ಮೊಣಕಾಲಿನ ಇಂಪ್ಲಾಂಟ್‌ಗಳಿಗೆ ಕೇಂದ್ರ ಗರಿಷ್ಠ ಬೆಲೆ ನಿಗದಿ ಮಾಡಿತು. ಆ ಕ್ರಮ ಹಲ್ಲಿನ ಇಂಪ್ಲಾಂಟ್‌ವರೆಗೆ ಬರಲಿಲ್ಲ. ಕರ್ನಾಟಕದ ಕಾನೂನಿನಂತೆ ಖಾಸಗಿ ಕ್ಲಿನಿಕ್‌ಗಳು ದರಪಟ್ಟಿ ಪ್ರದರ್ಶಿಸಬೇಕು. ಆದರೆ ರೂಟ್ ಕೆನಾಲ್‌ಗೆ ಎಷ್ಟು ಎಂದು ಪಟ್ಟಿ ಹೇಳೀತೇ ಹೊರತು, ನಿಮಗದು ಬೇಕೇ ಎಂದು ಹೇಳದು.

ಖಾಸಗಿ ದರಕ್ಕೆ ನಿಜವಾದ ಪೈಪೋಟಿ ಕೊಡಬಲ್ಲವು ಮುಂಬೈನ ನಾಯರ್, ದೆಹಲಿಯ ಮೌಲಾನಾ ಆಜಾದ್‌ನಂತಹ ಸರ್ಕಾರಿ, ಪಾಲಿಕೆ ದಂತ ಆಸ್ಪತ್ರೆಗಳು. ಅಲ್ಲಿ ಶುಲ್ಕ ಕಡಿಮೆ, ಸರದಿ ಉದ್ದ. ನಾಲ್ಕು ಬಾರಿ ಬನ್ನಿ ಎಂದರೆ ದಿನಗೂಲಿಯವರಿಗೆ ನಾಲ್ಕು ದಿನದ ಸಂಬಳ ಹೋಯಿತು. ಸಂಜೆ ಪಾಳಿ ಆರಂಭಿಸಿದರೆ ಈ ಲೆಕ್ಕ ಬದಲಾದೀತು.

ಅಲ್ಲಿಯವರೆಗೆ, ತುರ್ತಿಲ್ಲದಿದ್ದರೆ ಎಕ್ಸ್‌ರೇ ಪ್ರತಿಯನ್ನೂ ಲಿಖಿತ ಅಂದಾಜನ್ನೂ ಪಡೆದು ಎರಡನೆಯ ವೈದ್ಯರಿಗೆ ತೋರಿಸಬಹುದು. ಹೇಳಿದ ಮೊತ್ತದಲ್ಲಿ ಕ್ಯಾಪ್ ಸೇರಿದೆಯೇ, ಅದು ಮೆಟಲ್ ಸೆರಾಮಿಕ್ಕೋ ಜಿರ್ಕೋನಿಯಾವೋ ಎಂಬುದನ್ನೂ ಆಗಲೇ ಕೇಳಿಬಿಡಿ. ಜಾಹೀರಾತಿನ ಅಗ್ಗದ ರೂಟ್ ಕೆನಾಲ್ ದುಬಾರಿಯಾಗುವುದು ಸಾಮಾನ್ಯವಾಗಿ ಆ ಕ್ಯಾಪ್‌ನಲ್ಲೇ.